ಸ್ಟೀವ್ ಹ್ಯಾರಿಸ್

ಸ್ಟೀವ್ ಹ್ಯಾರಿಸ್ (ಜನನ: 12 ಮಾರ್ಚ್ 1956) ಇಂಗ್ಲೆಂಡಿನ ಬೇಸ್ ಗಿಟಾರ್ ವಾದಕ, ಗೀತರಚನಕಾರ, ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡದ ಸ್ಥಾಪಕ. ಹುಟ್ಟೂರು ಪೂರ್ವ ಲಂಡನ್ನಿನ ಲೇಟನ್‌ಸ್ಟೋನ್. ಹುಡುಗನಾಗಿದ್ದಾಗ ಫುಟ್‌ಬಾಲ್ ಹುಚ್ಚು ಹತ್ತಿ ವೆಸ್ಟ್ ಹ್ಯಾಮ್ ಕ್ಲಬ್ಬಿನಲ್ಲಿ ತರಬೇತಿಗೂ ಹೋಗಿದ್ದರು. ಸಂಗೀತವನ್ನು ಕೇಳಿ ಕೇಳಿಯೇ ಕಲಿತರು. ಹೊಟ್ಟೆಪಾಡಿಗೆ ಕಟ್ಟಡಗಳ ನಕ್ಷೆ ಬರೆಯುತ್ತ ಜಿಪ್ಸೀಸ್ ಕಿಸ್, ಸ್ಮೈಲರ್ ತಂಡಗಳಲ್ಲಿ ನುಡಿಸಿದರು. ಇವರು ಬರೆದ ಹಾಡುಗಳು ಸ್ಮೈಲರ್‌ನವರಿಗೆ ತೀರಾ ತೊಡಕೆನಿಸಿದವು. ಅಲ್ಲಿಂದ ಹೊರಬಂದು 1975ರ ಕ್ರಿಸ್‌ಮಸ್ ದಿನ ಸ್ವಂತ ತಂಡ ಕಟ್ಟಿದರು.

ರಾಕ್ ಸಂಗೀತದಲ್ಲಿ ಬೇಸ್ ವಾದಕ ಸಾಮಾನ್ಯವಾಗಿ ಡ್ರಮ್ಮಿನ ಜೊತೆಗೂಡಿ ಲಯ ಹಿಡಿದು ಹಿಂದೆ ನಿಲ್ಲುತ್ತಾನೆ. ಹ್ಯಾರಿಸ್ ಮುಂದೆ ಬಂದು ನಿಂತರು. ಹಾಡನ್ನು ಬೇಸ್ ಮೇಲೆಯೇ ಕಟ್ಟಿ, ಗಿಟಾರುಗಳಿಗೆ ಅದರ ಸುತ್ತ ಜಾಗ ಮಾಡಿಕೊಡುವುದು ಅವರ ಪದ್ಧತಿ. ತಂತಿ ಮೀಟುವ ಪ್ಲೆಕ್ಟ್ರಮ್ ಮುಟ್ಟುವುದಿಲ್ಲ, ತೋರುಬೆರಳು, ನಡುಬೆರಳು ಎರಡರಲ್ಲೇ ಎಲ್ಲವೂ. ಒಂದು ದೀರ್ಘ ಪೆಟ್ಟು, ಬೆನ್ನಿಗೇ ಎರಡು ಹ್ರಸ್ವ ಪೆಟ್ಟು: ಕುದುರೆಯ ನಾಗಾಲೋಟದಂಥ ಈ ನಡೆಯನ್ನು ಮೆಟಲ್ ವಾದಕರು ‘ಗ್ಯಾಲಪ್’ ಎನ್ನುತ್ತಾರೆ. 1983ರ ‘ದಿ ಟ್ರೂಪರ್’ ಇದಕ್ಕೆ ಒಳ್ಳೆಯ ಮಾದರಿ. ಫೆಂಡರ್ ಪ್ರಿಸಿಷನ್ ಬೇಸಿನ ತಂತಿಗಳು ಫ್ರೆಟ್ಟುಗಳಿಗೆ ಬಡಿದು ಖಣಖಣ ಎನ್ನುವ ದನಿಯಿಂದಲೇ ಅವರನ್ನು ಗುರುತಿಸಬಹುದು.

ಪ್ರಭಾವಗಳಲ್ಲಿ ಯೆಸ್ ತಂಡದ ಕ್ರಿಸ್ ಸ್ಕ್ವೈರ್, ಯುಎಫ್ಒದ ಪೀಟ್ ವೇ, ವಿಶ್‌ಬೋನ್ ಆಶ್‌ನ ಮಾರ್ಟಿನ್ ಟರ್ನರ್ ಮುಖ್ಯರು. ಜೆಥ್ರೊ ಟಲ್, ಜೆನೆಸಿಸ್ ತಂಡಗಳಿಂದ ದೀರ್ಘ ರಚನೆ ಮತ್ತು ನಡುನಡುವೆ ಗತಿ ಬದಲಿಸುವ ಗುಣ ಬಂದವು. ಕವಿ ಕೋಲ್‌ರಿಜ್‌ನ ಮುದಿ ನಾವಿಕನ ಕವಿತೆಯನ್ನು ಆಧರಿಸಿ ಅವರು 1984ರ ‘ಪವರ್‌ಸ್ಲೇವ್’ ಆಲ್ಬಮ್ಮಿಗೆ ಬರೆದ ಹಾಡು 13 ನಿಮಿಷಕ್ಕೂ ದೊಡ್ಡದು. ಅದರ ನಡುವೆ ಅಬ್ಬರವೆಲ್ಲ ಇಳಿದು, ಹಡಗಿನ ಮರ ಕಿರುಗುಟ್ಟುವ ಸದ್ದಿನ ಜೊತೆ ಬೇಸ್ ಮೆಲ್ಲಗೆ ನುಡಿಯುವ ಭಾಗವಿದೆ. ಹೆವಿ ಮೆಟಲ್ ಎಂದರೆ ಬರೀ ಗದ್ದಲ ಎನ್ನುವವರು ಮೊದಲು ಕೇಳಬೇಕಾದದ್ದು ಇದನ್ನೇ.

ತಂಡದ ಮೊದಲ ಆಲ್ಬಮ್ 1980ರಲ್ಲಿ ಬಂತು. 1982ರ ‘ದಿ ನಂಬರ್ ಆಫ್ ದ ಬೀಸ್ಟ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2012ರಲ್ಲಿ ಹ್ಯಾರಿಸ್ ‘ಬ್ರಿಟಿಷ್ ಲಯನ್’ ಹೆಸರಿನಲ್ಲಿ ಬೇರೊಂದು ಆಲ್ಬಮ್ ತಂದರು.

ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು. 2009ರಲ್ಲಿ ಮತ್ತೆ ಅಲ್ಲಿಗೇ ಬಂದರು. ಅಷ್ಟರಲ್ಲಿ ಈ ಊರಿನಲ್ಲಿ ಮೆಟಲ್ ಬೇರೂರಿತ್ತು. 1998ರಲ್ಲಿ ಇಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡದ ಜೋಡಿ ಗಿಟಾರುಗಳ ಶೈಲಿಯಲ್ಲಿ ಐರನ್ ಮೇಡನ್‌ನ ಆರಂಭಕಾಲದ ಬ್ರಿಟಿಷ್ ಮೆಟಲ್‌ನ ಛಾಯೆ ಸ್ಪಷ್ಟವಾಗಿದೆ.

ಮೊಬೈಲಿನಲ್ಲಿ ಹ್ಯಾರಿಸರನ್ನು ಕೇಳುವವರಿಗೆ ಒಂದು ಮಾತು: ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಷ್ಟು ಕೆಳಗಿನ ನಾದವನ್ನು ಫೋನಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಕೇಳಿ.