ಕಂಪ್ಯೂಟರ್ ಮುಟ್ಟದೆ ಮಾಡಿದ ಕಂಪ್ಯೂಟರ್ ಗ್ರಾಫಿಕ್ಸ್

ತೆರೆ ಹಿಂದಿನ ಇತಿಹಾಸ | ಭಾಗ 6

ಕಪ್ಪು ಪರದೆ. ಅದರ ಮೇಲೆ ಬರೀ ಹಸಿರು ಗೆರೆಗಳಲ್ಲಿ ಮೂಡಿದ ನ್ಯೂಯಾರ್ಕ್. ಗ್ಲೈಡರ್ ಮುಂದೆ ಹೋದ ಹಾಗೆ ಗೆರೆಗಳ ಕಟ್ಟಡಗಳು ಪಕ್ಕಕ್ಕೆ ಸರಿಯುತ್ತವೆ. 1981ರ ‘ಎಸ್ಕೇಪ್ ಫ್ರಂ ನ್ಯೂಯಾರ್ಕ್’ ಸಿನಿಮಾದ ಈ ದೃಶ್ಯ ನೋಡಿದ್ರೆ ಯಾರಾದ್ರೂ ಕಂಪ್ಯೂಟರ್ ಗ್ರಾಫಿಕ್ಸ್ ಅಂತಾರೆ.

ಅಲ್ಲ!

ಆಗ ಇಂಥದ್ದನ್ನ ಕಂಪ್ಯೂಟರಿನಲ್ಲಿ ಮಾಡಿಸೋಕೆ ವಿಪರೀತ ಖರ್ಚು. ನಿರ್ದೇಶಕ ಜಾನ್ ಕಾರ್ಪೆಂಟರ್ ಅವರ ಬಜೆಟ್‌ಗೆ ಎಟುಕುವ ಮಾತಲ್ಲ. ಎಫೆಕ್ಟ್ಸ್ ತಂಡ ಏನು ಮಾಡ್ತು ಗೊತ್ತಾ? ನಗರದ ಪುಟ್ಟ ಮಾದರಿಗೆ ಪೂರ್ತಿ ಕಪ್ಪು ಬಳಿದು, ಕಟ್ಟಡಗಳ ಅಂಚಿಗೆ ಹೊಳೆಯುವ ಟೇಪ್ ಅಂಟಿಸಿ, ನಡುವೆ ಕ್ಯಾಮೆರಾ ಓಡಿಸ್ತು. ಕಪ್ಪು ಬಣ್ಣ ಕತ್ತಲಲ್ಲಿ ಕರಗಿತು. ಕಣ್ಣಿಗೆ ಕಂಡಿದ್ದು ಗೆರೆ ಮಾತ್ರ. ಈ ಚಿತ್ರದ ಎಫೆಕ್ಟ್ಸ್ ಕೆಲಸದಲ್ಲಿದ್ದ ಹುಡುಗರಲ್ಲಿ ಒಬ್ಬರು ಜೇಮ್ಸ್ ಕ್ಯಾಮರೂನ್. ಹೌದು, ‘ಅವತಾರ್’ ಮಾಡಿದ ಅದೇ ಕ್ಯಾಮರೂನ್.

ಬಿಕಾಂ ಓದೋ ನಮಗೆ ಇದು ಖರ್ಚು ಉಳಿಸಿದ ಲೆಕ್ಕ ಅನ್ನಿಸಬಹುದು. ಆದ್ರೆ ಈ ದಾರಿ ಹೊಳೆಯಬೇಕಾದ್ರೆ ಮೊದಲು ಒಂದು ಪ್ರಶ್ನೆ ಕೇಳ್ಕೋಬೇಕು: ನೋಡೋರ ಕಣ್ಣಿಗೆ ನಿಜವಾಗಿ ಬೇಕಿರೋದೇನು?

ಈಗ 1993ಕ್ಕೆ ಬನ್ನಿ. ‘ಜುರಾಸಿಕ್ ಪಾರ್ಕ್’ನ ಡೈನೋಸಾರ್‌ಗಳನ್ನು ಪುಟ್ಟ ಗೊಂಬೆಗಳಲ್ಲಿ ಆಡಿಸಬೇಕಿದ್ದವರು ಫಿಲ್ ಟಿಪ್ಪೆಟ್. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಪರೀಕ್ಷಾ ದೃಶ್ಯ ನೋಡಿ ಸ್ಪೀಲ್‌ಬರ್ಗ್ ಪ್ಲ್ಯಾನ್ ಬದಲಿಸಿದ್ರು. ಗೊಂಬೆಗಳು ಹೋದವು, ಟಿಪ್ಪೆಟ್ ಉಳಿದರು. ಯಾಕಂದ್ರೆ ಆ ಭಾರದ ಪ್ರಾಣಿ ಹೆಜ್ಜೆ ಹೇಗಿಡುತ್ತೆ, ತಿರುಗೋ ಮುಂಚೆ ಮೈ ಹೇಗೆ ವಾಲುತ್ತೆ ಅನ್ನೋದು ಅವರ ತಂಡಕ್ಕೆ ಗೊತ್ತಿತ್ತು. ಸೆನ್ಸರ್ ಜೋಡಿಸಿದ ಲೋಹದ ಅಸ್ಥಿಪಂಜರ ತಯಾರಾಯ್ತು. ಕಲಾವಿದರು ಅದನ್ನು ಕೈಯಲ್ಲಿ ಆಡಿಸಿದ್ರೆ ಆ ಚಲನೆ ಕಂಪ್ಯೂಟರ್ ಒಳಗೆ ಹೋಗ್ತಿತ್ತು. ಆ ಸಿನಿಮಾದ ಎಫೆಕ್ಟ್ಸ್ ಆಸ್ಕರ್ ಪಡೆದವರಲ್ಲಿ ಟಿಪ್ಪೆಟ್ ಕೂಡ ಒಬ್ಬರು.

ಈಗ ನಮ್ಮ ಕಾಲ. ರೋಟೋ ಅಂತ ಒಂದು ಕೆಲಸ ಇದೆ: ದೃಶ್ಯದಲ್ಲಿರೋ ವ್ಯಕ್ತಿಯ ಅಂಚನ್ನು ಫ್ರೇಮ್ ಫ್ರೇಮ್‌ಗೂ ಗುರುತಿಸಿ ಬೇರ್ಪಡಿಸೋದು. ಸೆಕೆಂಡಿಗೆ 24 ಫ್ರೇಮ್ ಅಂದ್ರೆ 5 ಸೆಕೆಂಡಿಗೆ 120. ಇವತ್ತು ಅದರಲ್ಲಿ ಎಷ್ಟೋ ಭಾಗ ಒಂದೇ ಕ್ಲಿಕ್‌ನಲ್ಲಿ ಮುಗಿಯುತ್ತೆ. ಕೈ ಸೋಲಿಸೋ ಕೆಲಸ ತಪ್ಪಿದ್ರೆ ಒಳ್ಳೇದೇ. ಆದ್ರೆ ನಮ್ಮ ದೇಶದಲ್ಲಿ ಎಷ್ಟೋ ಹುಡುಗ್ರು ಹುಡುಗೀರು ಈ ಫೀಲ್ಡಿಗೆ ಕಾಲಿಟ್ಟಿದ್ದು ಇದೇ ರೋಟೋ ಮೆಟ್ಟಿಲು ಹತ್ತಿ. ಆ ಮೆಟ್ಟಿಲು ಈಗ ಅಲುಗಾಡ್ತಿದೆ. ‘ಎಲ್ಲಾ ಎಐ ಮಾಡುತ್ತೆ, ಕಲಿತು ಏನು ಪ್ರಯೋಜನ?’ ಅಂತ ಕ್ಲಾಸಲ್ಲಿ ಕೇಳೋರ ಭಯ ಸುಳ್ಳಲ್ಲ.

ನನಗನ್ನಿಸೋದು ಇಷ್ಟೇ: ಕ್ಲಿಕ್ ಮಾಡೋದನ್ನು ಮಾತ್ರ ಕಲಿತವರ ಜಾಗಕ್ಕೆ ಇನ್ನೊಂದು ಕ್ಲಿಕ್ ಬಂದು ಕೂರಬಹುದು. ಟಿಪ್ಪೆಟ್ ಉಳಿದದ್ದು ಗೊಂಬೆಯಿಂದಲ್ಲ, ನಡಿಗೆ ಗೊತ್ತಿದ್ದರಿಂದ.

ಮುಂದಿನ ರೀಲ್ಸ್‌ಗೆ ಫಿಲ್ಟರ್ ಹಾಕೋ ಮುಂಚೆ ಒಂದು ಸಲ ಕಪ್ಪು ಕಾಗದ, ಟೇಪ್, ಮೊಬೈಲ್ ಟಾರ್ಚ್ ಇಟ್ಕೊಂಡು ಟ್ರೈ ಮಾಡಿ ನೋಡಿ. ಏನಾಯ್ತು ಅಂತ ಕಮೆಂಟಲ್ಲಿ ಹೇಳಿ. ಎಡಿಟಿಂಗ್ ಹುಚ್ಚಿರೋ ಫ್ರೆಂಡ್‌ನ ಟ್ಯಾಗ್ ಮಾಡೋದು ಮರೀಬೇಡಿ.

#ತೆರೆಹಿಂದಿನಇತಿಹಾಸ #ಸಿನಿಮಾಇತಿಹಾಸ #ಕನ್ನಡ