ಸಾಧಾರಣ ಮುಖದ ಭಯ

ಕನ್ನಡ ಥ್ರಿಲ್ಲರ್ 2013ರ ‘ಲೂಸಿಯಾ’ದಲ್ಲಿ ಹುಟ್ಟಿತು, 2015ರ ‘ರಂಗಿತರಂಗ’ದಲ್ಲಿ ಕಾಲೂರಿತು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಇಂಥ ಸಿನಿಮಾ ಮಾಡುವುದನ್ನು ನಮ್ಮವರು ಮಲಯಾಳದವರಿಂದಲೂ ಕೊರಿಯಾದವರಿಂದಲೂ ಕಲಿತರು, ಓಟಿಟಿ ಬಂದ ಮೇಲೆ ನಮ್ಮ ಪ್ರೇಕ್ಷಕ ಪಳಗಿದ ಎಂಬ ಇನ್ನೊಂದು ಮಾತೂ ಅದರ ಬೆನ್ನಿಗೇ ಬರುತ್ತದೆ. ಹೊಸಬರನ್ನು ಹೊಗಳುವ ಉತ್ಸಾಹದಲ್ಲಿ ಹೇಳುವ ಮಾತುಗಳಿವು. ಆ ಹೊಸಬರನ್ನು ನಾನೂ ಮೆಚ್ಚುತ್ತೇನೆ. ಆದರೆ ಅವರ ಹಿಂದಿನ ನಾಲ್ಕೂವರೆ ದಶಕವನ್ನು ಒರೆಸಿಹಾಕಿದರೆ ಅವರು ಮಾಡಿದ್ದೇನು ಎಂಬುದೂ ಸರಿಯಾಗಿ ಕಾಣುವುದಿಲ್ಲ.

ಥ್ರಿಲ್ಲರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಥೆಯ ತಿರುವುಗಳನ್ನು ಲೆಕ್ಕ ಹಾಕುತ್ತಾರೆ. ತಿರುವು ಬರುವುದು ಇಂಟರ್ವಲ್ ಹೊತ್ತಿಗೋ ಕೊನೆಯಲ್ಲೋ. ಅದಕ್ಕೂ ಮೊದಲೇ, ಮೊದಲ ರೀಲಿನಿಂದಲೇ, ಪ್ರೇಕ್ಷಕ ಪರದೆಗೆ ಬಂದ ಪ್ರತಿಯೊಬ್ಬರ ಮುಖ ನೋಡಿ ತೂಗಲು ಶುರು ಮಾಡಿರುತ್ತಾನೆ. ಇವನೇ ಇರಬಹುದೇ? ಈ ಗಡ್ಡ ಯಾಕೆ? ಇಷ್ಟು ಶುಭ್ರವಾದ ಅಂಗಿ ತೊಟ್ಟವನು ಇಷ್ಟು ಮೆಲ್ಲಗೆ ಯಾಕೆ ಮಾತಾಡುತ್ತಾನೆ? ನಿರ್ದೇಶಕ ಆ ಅನುಮಾನವನ್ನು ಬಟ್ಟೆ, ಮೀಸೆ, ನಡಿಗೆ, ಕನ್ನಡಕಗಳಿಂದ ಸಾಕುತ್ತಾನೆ, ಬೇಕಾದಾಗ ದಾರಿ ತಪ್ಪಿಸುತ್ತಾನೆ. ಕನ್ನಡ ಥ್ರಿಲ್ಲರಿನ ಇತಿಹಾಸವೆಂದರೆ ನಾವು ಯಾವ ಮುಖಕ್ಕೆ ಹೆದರಬೇಕು ಎಂಬುದು ಬದಲಾಗುತ್ತ ಬಂದ ಇತಿಹಾಸ ಎಂದೇ ನಾನು ತಿಳಿದಿದ್ದೇನೆ.

ಮುಖ ನೋಡಿ ಪಾತ್ರ ತಿಳಿಯುವುದು ನಮಗೆ ಹೊಸದೇನಲ್ಲ. ಯಕ್ಷಗಾನದ ಬಣ್ಣದ ವೇಷ ಚುಟ್ಟಿ ಇಟ್ಟುಕೊಂಡು ರಂಗಕ್ಕೆ ಬಂದರೆ ರಾಕ್ಷಸ ಬಂದನೆಂದು ಮಕ್ಕಳಿಗೂ ಗೊತ್ತು. ಕಂಪನಿ ನಾಟಕದ ಖಳನ ಮೀಸೆಗೂ ಅದೇ ಕೆಲಸ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದಿದ ಒಂದು ತಲೆಮಾರಿಗೆ ಪತ್ತೇದಾರ ಪುರುಷೋತ್ತಮ ಮನೆಯವನಷ್ಟೇ ಪರಿಚಿತನಾಗಿದ್ದ. ಈ ಓದುಗರೂ ಆ ನೋಡುಗರೂ ಒಟ್ಟಿಗೆ ಚಿತ್ರಮಂದಿರಕ್ಕೆ ನುಗ್ಗಿದ್ದು 1968ರಲ್ಲಿ, ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ಗೆ. ಕನಕದಾಸ, ಕಬೀರರಾಗಿ ಕೈಮುಗಿಸಿಕೊಂಡಿದ್ದ ರಾಜ್‌ಕುಮಾರ್ ಸೂಟು ತೊಟ್ಟು ಪಿಸ್ತೂಲು ಹಿಡಿದು ಸಿ.ಐ.ಡಿ. 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಮಾದರಿ ಜೇಮ್ಸ್ ಬಾಂಡ್ ಎಂಬುದನ್ನು ಯಾರೂ ಮುಚ್ಚಿಡಲಿಲ್ಲ. ಅಲ್ಲಿ ಕೆಟ್ಟವನು ಯಾರೆಂಬ ಗುಟ್ಟಿಗಿಂತ ನಾಯಕ ಯಾವ ಗೆಟಪ್ಪಿನಲ್ಲಿ ಬರುತ್ತಾನೆ ಎಂಬುದರಲ್ಲೇ ರೋಮಾಂಚನವಿತ್ತು. ಚಿತ್ರಗಳಾಗಿ ಅವು ಇಂದು ನಿಧಾನ ಎನಿಸುತ್ತವೆ. ಆದರೆ ಚಿರಪರಿಚಿತ ಮುಖವೊಂದನ್ನು ಅಪರಿಚಿತ ಉಡುಪಿನಲ್ಲಿ ನಿಲ್ಲಿಸಿದರೆ ಸಾವಿರ ಜನ ಸೀಟಿನ ತುದಿಗೆ ಬರುತ್ತಾರೆ ಎಂಬುದನ್ನು ಕನ್ನಡ ಕಂಡುಕೊಂಡದ್ದು ಅಲ್ಲಿಯೇ.

ಎಪ್ಪತ್ತರ ದಶಕದಲ್ಲಿ ಎರಡು ಕಡೆ ಬೇರೆ ಗಾಳಿ ಬೀಸಿತು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಪುಟ್ಟಣ್ಣ ಕಣಗಾಲರ ‘ಶರಪಂಜರ’ವನ್ನು ಯಾರೂ ಥ್ರಿಲ್ಲರ್ ಎನ್ನುವುದಿಲ್ಲ, ನಾನೂ ಹಾಗೆ ಹೇಳಲಾರೆ. ಆದರೂ ಈ ಸಮೀಕ್ಷೆಯಲ್ಲಿ ಅದಕ್ಕೆ ಜಾಗವಿದೆ. ಕಾವೇರಿಯಾಗಿ ಕಲ್ಪನಾ ಉಟ್ಟ ಸೀರೆ, ತೊಟ್ಟ ಬಳೆಗಳನ್ನು ಹೆಂಗಸರು ಅಂಗಡಿಯಲ್ಲಿ ಕೇಳಿ ಕೊಂಡರು. ಅಷ್ಟು ಒಪ್ಪವಾಗಿ ಸಿಂಗರಿಸಿಕೊಂಡ ಹೆಣ್ಣಿನ ಮನಸ್ಸು ಕಣ್ಣೆದುರೇ ಕುಸಿಯುವುದನ್ನು ನೋಡಿದ ಪ್ರೇಕ್ಷಕರಿಗೆ, ಹೊರಗಿನ ಸಿಂಗಾರ ಒಳಗಿನ ಸ್ಥಿತಿಗೆ ಸಾಕ್ಷಿಯಲ್ಲ ಎಂಬುದು ಮನದಟ್ಟಾಯಿತು. ಥ್ರಿಲ್ಲರಿಗೆ ಇದಕ್ಕಿಂತ ದೊಡ್ಡ ಬಂಡವಾಳವಿಲ್ಲ. ಇನ್ನೊಂದು, ಕಾಶೀನಾಥರ ‘ಅಪರಿಚಿತ’ (1978). ಸುರೇಶ್ ಹೆಬ್ಳಿಕರ್, ಶೋಭಾ, ಎಂ.ವಿ. ವಾಸುದೇವರಾವ್ ನಟಿಸಿದ ಈ ಚಿತ್ರದಲ್ಲಿ ಭರವಸೆ ಕೊಡುವ ದೊಡ್ಡ ಸ್ಟಾರ್ ಇರಲಿಲ್ಲ. ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಎಂಬುದನ್ನು ಪೋಸ್ಟರ್ ನೋಡಿ ಊಹಿಸುವಂತಿರಲಿಲ್ಲ. ಕಾಶೀನಾಥರೆಂದರೆ ‘ಅನುಭವ’ ಮಾತ್ರ ನೆನಪಿಸಿಕೊಳ್ಳುವವರು ಈ ಚಿತ್ರವನ್ನು ಒಮ್ಮೆ ನೋಡಬೇಕು.

ಶಂಕರ್‌ನಾಗ್ ನಟನಾಗಿ ಎಷ್ಟು ಜನಪ್ರಿಯರೋ ನಿರ್ದೇಶಕನಾಗಿ ಅಷ್ಟೇ ಮುಖ್ಯರು. ‘ಮಿಂಚಿನ ಓಟ’ದ (1980) ಕಳ್ಳರು ನೋಡಲು ಕಳ್ಳರಂತಿಲ್ಲ. ಅನಂತನಾಗ್, ಶಂಕರ್‌ನಾಗ್, ಲೋಕನಾಥ್ ಮೂವರೂ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಪಕ್ಕ ನಿಂತವರಂತಿದ್ದಾರೆ, ಅದಕ್ಕೇ ಅವರ ಪರಾರಿಯಲ್ಲಿ ನಮ್ಮ ಉಸಿರೂ ಸಿಕ್ಕಿಕೊಳ್ಳುತ್ತದೆ. ‘ಆಕ್ಸಿಡೆಂಟ್’ (1985) ಇನ್ನೂ ಮುಂದಕ್ಕೆ ಹೋಯಿತು. ಫುಟ್‌ಪಾತಿನಲ್ಲಿ ಮಲಗಿದ ಬಡವರ ಮೇಲೆ ಕಾರು ಹರಿಯುತ್ತದೆ, ಅದನ್ನು ಓಡಿಸಿದವನು ಪ್ರಭಾವಿ ರಾಜಕಾರಣಿಯ ಮಗ. ತಪ್ಪು ಮಾಡಿದವನು ಯಾರೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಆ ತಂದೆಯಾಗಿ ಅನಂತನಾಗ್ ತೋರಿಸುವ ಸೌಜನ್ಯದ ಮುಖ ಎಷ್ಟು ದೂರ ಹೋಗಬಲ್ಲದು ಎಂಬುದೇ ಅಲ್ಲಿನ ಭಯ. ಅಲ್ಲಿ ಗಾಯದ ಗುರುತಿನ ಕೆನ್ನೆಯಿಲ್ಲ, ಚುರುಟಿನ ಹೊಗೆಯಿಲ್ಲ, ಹಾಡೂ ಇಲ್ಲ. ಸಾಮಾಜಿಕ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದು ಎಂಥ ಥ್ರಿಲ್ಲರ್ ಎಂಬ ಚರ್ಚೆ ಅಲ್ಲಿಗೆ ನಿಂತುಹೋಯಿತು.

ನಾನು ಸಿನಿಮಾ ಬಗ್ಗೆ ಬರೆಯಲು ಶುರು ಮಾಡಿದ್ದು ‘ತರ್ಕ’ ಬಂದ ಆಸುಪಾಸಿನಲ್ಲಿ. ನನ್ನ ವಾರಿಗೆಯವರಿಗೆ ಸುನಿಲ್‌ಕುಮಾರ್ ದೇಸಾಯಿ ಎಂದರೆ ಒಂದು ಶಾಲೆ. 1989ರ ‘ತರ್ಕ’ದ ಎಳೆ ಅಗಾಥಾ ಕ್ರಿಸ್ಟಿಯ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕದ್ದು. ಅದೇ ಎಳೆಯನ್ನು ಹಿಂದಿಯ ‘ಧುಂಧ್’ (1973) ಆಗಲೇ ಬಳಸಿಕೊಂಡಿತ್ತು. ಹಾಗಾಗಿ ಕಥೆಯ ಹೊಸತನಕ್ಕೆ ಯಾರೂ ಮರುಳಾಗಲಿಲ್ಲ. ಹಾಡಿಲ್ಲದ, ಹಾಸ್ಯದ ಟ್ರ್ಯಾಕಿಲ್ಲದ ಆ ಚಿತ್ರದಲ್ಲಿ ಶಂಕರ್‌ನಾಗ್, ವನಿತಾ ವಾಸು, ದೇವರಾಜ್ ಅವರ ಮುಖಗಳ ಮೇಲೆ ಬೆಳಕು ಬಿದ್ದ ಬಗೆ ನಮ್ಮನ್ನು ಹಿಡಿದು ಕೂರಿಸಿತು. ‘ಆಟೋ ರಾಜ’ನ, ‘ಸಾಂಗ್ಲಿಯಾನ’ನ ಶಂಕರ್‌ನಾಗ್ ಇಲ್ಲಿ ನಂಬಲೂ ಆಗದ, ನಂಬದಿರಲೂ ಆಗದ ಆಗಂತುಕ. ವನಿತಾ ವಾಸು ಅವರಿಗೆ ನಾಯಕಿಯ ಮಾಮೂಲಿ ಹೊಳಪಿಲ್ಲ, ನಿದ್ದೆಗೆಟ್ಟ ಕಣ್ಣಿದೆ. ಮೇಕಪ್ ಕಡಿಮೆ ಮಾಡಿದಷ್ಟೂ ಅನುಮಾನ ಹೆಚ್ಚುತ್ತದೆ ಎಂಬುದನ್ನು ದೇಸಾಯಿ ಮೊದಲ ಚಿತ್ರದಲ್ಲೇ ಸಾಧಿಸಿ ತೋರಿಸಿದರು.

ಮುಂದಿನ ವರ್ಷ ಬಂದ ‘ಉತ್ಕರ್ಷ’ದಲ್ಲಿ ದೇವರಾಜ್ ಅವರ ಕಣ್ಣುಗಳನ್ನು ಕ್ಯಾಮೆರಾ ಬಿಟ್ಟು ಕದಲುವುದಿಲ್ಲ. ರೆಪ್ಪೆ ಬಡಿಯದ ಆ ನೋಟದ ಮುಂದೆ ಎಷ್ಟೋ ಖಳರ ಅಟ್ಟಹಾಸ ಸಪ್ಪೆ. ‘ನಿಷ್ಕರ್ಷ’ದಲ್ಲಿ (1993) ಬ್ಯಾಂಕಿಗೆ ನುಗ್ಗಿದ ದರೋಡೆಕೋರರ ಮುಖಂಡನಾಗಿ ಬಿ.ಸಿ. ಪಾಟೀಲರನ್ನು ಹಾಕಿಕೊಂಡದ್ದಂತೂ ಪಾತ್ರಹಂಚಿಕೆಯ ಪಾಠ. ಪಾಟೀಲರು ನಿಜಜೀವನದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವರು. ಆಜ್ಞೆ ಮಾಡಿ ರೂಢಿಯಾದ ಮೈಯ ನಿಲುವು ಅವರಲ್ಲಿತ್ತು, ಅದನ್ನು ಯಾವ ಮೇಕಪ್‌ಮನ್ನೂ ಹಚ್ಚಲಾರ. ಎದುರಿಗೆ ಕಮಾಂಡೊ ಆಗಿ ವಿಷ್ಣುವರ್ಧನ್. ಹಾಡು, ಕುಣಿತ, ನಾಯಕಿ ಯಾವುದೂ ಇಲ್ಲದೆ ಅಷ್ಟು ದೊಡ್ಡ ನಟ ಚಿತ್ರವಿಡೀ ಒಂದು ಕೆಲಸ ಮುಗಿಸುವ ಮನುಷ್ಯನಾಗಿ ಉಳಿಯಲು ಒಪ್ಪಿದರು. ಆ ಒಪ್ಪಿಗೆಯನ್ನು ನಮ್ಮ ವಿಮರ್ಶೆ ಇವತ್ತಿಗೂ ಸರಿಯಾಗಿ ಗುರುತಿಸಿಲ್ಲ.

ದೇಸಾಯಿಯವರ ಶಾಲೆಯ ತುದಿ ‘ಬೆಳದಿಂಗಳ ಬಾಲೆ’ (1995). ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ ಬಂದ ಈ ಕಥೆಯಲ್ಲಿ ಚದುರಂಗದ ಆಟಗಾರ ರೇವಂತನಿಗೆ ಫೋನಿನಲ್ಲಿ ಒಂದು ಹೆಣ್ಣಿನ ಧ್ವನಿ ಸವಾಲು ಹಾಕುತ್ತದೆ, ತನ್ನನ್ನು ಹುಡುಕು ಎನ್ನುತ್ತದೆ. ಅನಂತನಾಗ್ ಹುಡುಕುತ್ತಾರೆ, ನಾವೂ ಹುಡುಕುತ್ತೇವೆ. ಅವಳ ಮುಖವನ್ನು ಚಿತ್ರ ತೋರಿಸುವುದೇ ಇಲ್ಲ. ಕೊಲೆಯಿಲ್ಲ, ಆದರೂ ಕುತೂಹಲ ಕೊನೆಯವರೆಗೆ ಒಂದು ಎಳೆಯಷ್ಟೂ ಸಡಿಲವಾಗುವುದಿಲ್ಲ. ಪಾತ್ರದ ರೂಪವನ್ನು ಬಚ್ಚಿಟ್ಟು ಪ್ರೇಕ್ಷಕನನ್ನು ಕಟ್ಟಿಹಾಕಿದ ಇದಕ್ಕೆ ಸಾಟಿಯಾದ ಕನ್ನಡ ಚಿತ್ರ ನನಗೆ ಇನ್ನೊಂದು ಕಂಡಿಲ್ಲ. ಇದನ್ನು ಪ್ರೇಮಕಥೆಗಳ ಪಟ್ಟಿಯಲ್ಲಿ ಸೇರಿಸಿ ಸುಮ್ಮನಾಗುವವರು ಅದರ ಅರ್ಧವನ್ನಷ್ಟೇ ನೋಡಿದ್ದಾರೆ.

ಅದೇ ದಶಕದಲ್ಲಿ ಉಪೇಂದ್ರರ ‘ಶ್!’ (1993) ಸಿನಿಮಾ ಚಿತ್ರೀಕರಣದ ಜಾಗದಲ್ಲೇ ದೆವ್ವವನ್ನು ತಂದು, ವೇಷ ಯಾವುದು, ನಿಜ ಯಾವುದು ಎಂದು ಆಟವಾಡಿಸಿತು. ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಕರಾವಳಿಯ ಕತ್ತಲನ್ನು ಮನೆಮನೆಗೆ ಮುಟ್ಟಿಸಿತು. 2004ರ ‘ಆಪ್ತಮಿತ್ರ’ ಮಲಯಾಳದ ‘ಮಣಿಚಿತ್ರತಾಳ್’ ಚಿತ್ರದಿಂದ ಬಂದದ್ದು. ಚಿತ್ರ ತೆರೆಗೆ ಬರುವ ಮೊದಲೇ ಸೌಂದರ್ಯ ತೀರಿಕೊಂಡಿದ್ದರು. ಗಂಗಾ ನಾಗವಲ್ಲಿಯಾಗುವ ಹೊತ್ತಿನ ಅವರ ಮುಖವನ್ನು ಜನ ಆ ದುಃಖದೊಂದಿಗೇ ನೋಡಿದರು. ಅವರ ಅಭಿನಯ ಉನ್ನತವಾದದ್ದು. ಆದರೆ ಅದರ ಯಶಸ್ಸಿನ ನೆರಳಿನಲ್ಲಿ ಒಂದು ಕೆಟ್ಟ ರೂಢಿ ಬೆಳೆಯಿತು: ಹೆಣ್ಣಿನ ಮನಸ್ಸು ಕೆಟ್ಟಿದೆ ಎಂದು ತೋರಿಸಬೇಕಾದರೆ ಕೂದಲು ಬಿಚ್ಚಿಸು, ಕಾಡಿಗೆ ಹರಡು, ದೊಡ್ಡ ಕುಂಕುಮ ಇಡು. ‘ಶರಪಂಜರ’ ಮೂರು ದಶಕಗಳ ಹಿಂದೆಯೇ ದಾಟಿದ್ದ ಹೊಳೆಯ ಆಚೆ ದಡಕ್ಕೆ ನಾವು ಮರಳಿದೆವು.

ಹೊಸಬರು ಬಂದದ್ದು ಈ ನೆಲದ ಮೇಲೆ. ಪವನ್‌ಕುಮಾರ್ ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ ‘ಲೂಸಿಯಾ’ದಲ್ಲಿ ಸತೀಶ್ ನೀನಾಸಂ ಒಂದು ಬದುಕಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವವನು, ಇನ್ನೊಂದರಲ್ಲಿ ಸಿನಿಮಾ ತಾರೆ. ಬಡವನ ಲೋಕಕ್ಕೆ ಬಣ್ಣ, ತಾರೆಯ ಲೋಕಕ್ಕೆ ಕಪ್ಪು-ಬಿಳುಪು. ಒಂದೇ ಮುಖ ಎರಡು ಲೋಕಗಳಲ್ಲಿ ಓಡಾಡುವಾಗ ಯಾವುದು ಕನಸು ಎಂಬ ಪ್ರಶ್ನೆಯನ್ನು ಬಣ್ಣವೇ ಹೊತ್ತು ನಡೆಯುತ್ತದೆ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ಯಲ್ಲಿ (2014) ಮಲ್ಪೆಯ ರಿಚ್ಚಿ ಹೇಳುವವರ ಬಾಯಿಗೆ ತಕ್ಕಂತೆ ಬದಲಾಗುತ್ತಾನೆ.

ಅನೂಪ್ ಭಂಡಾರಿಯವರ ‘ರಂಗಿತರಂಗ’ದಲ್ಲಿ ಎಲ್ಲರೂ ಭೂತದ ವೇಷದ ಬಗ್ಗೆ ಮಾತಾಡಿದರು. ನನ್ನ ಕಣ್ಣಿಗೆ ಬಿದ್ದದ್ದು ಸಾಯಿಕುಮಾರ್. ‘ಪೊಲೀಸ್ ಸ್ಟೋರಿ’ಯಿಂದ (1996) ಆಚೆಗೆ ಖಾಕಿ ಮತ್ತು ಘರ್ಜನೆ ಅವರ ಮೈಗೆ ಅಂಟಿಕೊಂಡಿತ್ತು. ಅವರನ್ನು ಊರಿನ ಮೆದುಮಾತಿನ ಪೋಸ್ಟ್‌ಮಾಸ್ಟರ್ ಮಾಡಿದಾಗ ಪ್ರೇಕ್ಷಕನ ಹಳೆಯ ನೆನಪನ್ನೇ ಚಿತ್ರಕಥೆಯ ಒಂದು ಪಾತ್ರವಾಗಿ ಬಳಸಿಕೊಂಡಂತಾಯಿತು. 1968ರಲ್ಲಿ ರಾಜ್‌ಕುಮಾರರಿಗೆ ಸೂಟು ತೊಡಿಸಿದವರ ಉಪಾಯವೂ ಇದೇ, ಇಲ್ಲಿ ದಿಕ್ಕು ಬೇರೆ. ರಾಜ್ ಬಿ. ಶೆಟ್ಟಿ ತಮ್ಮ ಮೇಲೆಯೇ ಇದನ್ನು ಪ್ರಯೋಗಿಸಿಕೊಂಡರು. ‘ಒಂದು ಮೊಟ್ಟೆಯ ಕಥೆ’ಯಲ್ಲಿ (2017) ಕೂದಲು ಉದುರಿದ ತಲೆ ಮೇಷ್ಟರೊಬ್ಬರ ಸಂಕೋಚ, ‘ಗರುಡ ಗಮನ ವೃಷಭ ವಾಹನ’ದಲ್ಲಿ (2021) ಅದೇ ತಲೆಯ ಶಿವ ಕೊಲೆ ಮಾಡಿ ಬಂದು ಮಳೆಯಲ್ಲಿ ಹುಲಿಕುಣಿತದ ಹೆಜ್ಜೆ ಹಾಕುತ್ತಾನೆ. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಮೈಯೇ ಹುಲಿಯಾಗುತ್ತದೆ.

ಹೇಮಂತ್ ರಾವ್ ಅವರನ್ನು ನಾನು ದೇಸಾಯಿಯವರ ನಿಜವಾದ ಉತ್ತರಾಧಿಕಾರಿ ಎಂದು ತಿಳಿಯುತ್ತೇನೆ. ಕಾಣೆಯಾದವರ ಪ್ರಕಟಣೆಯ ಭಾಷೆಯನ್ನೇ ಹೆಸರಾಗಿಸಿಕೊಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಮರೆವಿನ ತಂದೆಯನ್ನು ಹುಡುಕುವ ಮಗನ ಕಥೆಯ ಜೊತೆಗೇ ಒಂದು ಅಪರಾಧದ ಎಳೆಯನ್ನು ಹೊಸೆಯಿತು. ‘ಕವಲುದಾರಿ’ಯ (2019) ಶ್ಯಾಮ್ ಟ್ರಾಫಿಕ್ ಪೊಲೀಸ್. ಅವನಿಗೆ ಕ್ರೈಂ ವಿಭಾಗಕ್ಕೆ ಹೋಗುವ ಹಂಬಲ. ಟ್ರಾಫಿಕ್‌ನ ಬಿಳಿ ಅಂಗಿ ಅವನ ಅತೃಪ್ತಿಯ ಗುರುತಾಗಿ ಚಿತ್ರದುದ್ದಕ್ಕೂ ಕಾಣುತ್ತದೆ. ನಿವೃತ್ತ ಅಧಿಕಾರಿ ಮುತ್ತಣ್ಣನಾಗಿ ಅನಂತನಾಗ್ ಸಮವಸ್ತ್ರ ಕಳಚಿಯೂ ಅದರ ಭಾರ ಇಳಿಸಿಕೊಳ್ಳಲಾಗದವರು. ಅದೇ ವರ್ಷದ ‘ಬೆಲ್ ಬಾಟಂ’ ಎಂಬತ್ತರ ದಶಕದ ಉಡುಪನ್ನು ಅಚ್ಚುಕಟ್ಟಾಗಿ ಹೊಲಿಸಿತು. ಅಲ್ಲಿ ಹಳೆಯ ಕಾಲದ ಬಗ್ಗೆ ಪ್ರೀತಿಯಿದೆ, ಭಯ ಮಾತ್ರ ಕಡಿಮೆ. 2024ರ ‘ಶಾಖಾಹಾರಿ’ಯಲ್ಲಿ ಸಂದೀಪ್ ಸುಂಕದ್ ಮಲೆನಾಡಿನ ಹೋಟೆಲಿನ ಅಡುಗೆಯ ಸುಬ್ಬಣ್ಣನನ್ನು ತಂದರು. ಬಿ.ವಿ. ಕಾರಂತರ ರಂಗಾಯಣದಲ್ಲಿ ಪಳಗಿ, ಸಿನಿಮಾದಲ್ಲಿ ವರ್ಷಗಟ್ಟಲೆ ನಗಿಸುತ್ತಲೇ ಬಂದ ರಂಗಾಯಣ ರಘು ಅಲ್ಲಿ ಪಂಚೆ ಕಟ್ಟಿ ತರಕಾರಿ ಹೆಚ್ಚುತ್ತಾರೆ. ಆ ಕೈಯನ್ನು ನೋಡುತ್ತ ನಾನು ಬೆವೆತಿದ್ದೇನೆ.

ಈ ದಾರಿಯಲ್ಲಿ ಯಾರು ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಪವನ್‌ಕುಮಾರರ ‘ಯು ಟರ್ನ್’ (2016) ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನ ಸುತ್ತ ಒಬ್ಬ ತರುಣ ಪತ್ರಕರ್ತೆಯ ಕಣ್ಣಿನಿಂದ ಕಥೆ ಹೇಳಿತು. ಶ್ರದ್ಧಾ ಶ್ರೀನಾಥ್ ಅಲ್ಲಿ ಆಫೀಸಿಗೆ ಹೋಗುವ ಹುಡುಗಿಯ ಬಟ್ಟೆಯಲ್ಲೇ ಇದ್ದಾರೆ, ಪ್ರಶ್ನೆ ಕೇಳುತ್ತಾರೆ, ಹೆದರುತ್ತಾರೆ, ಮತ್ತೆ ಕೇಳುತ್ತಾರೆ. ಅಂಥ ಹೆಂಗಸರು ಬೆರಳೆಣಿಕೆಯಷ್ಟೇ. ಕರಾವಳಿ, ಮಲೆನಾಡು, ಬೆಂಗಳೂರು ದಾಟಿದರೆ ನಮ್ಮ ಥ್ರಿಲ್ಲರಿಗೆ ಊರೇ ಇಲ್ಲ. ಕಲಬುರಗಿಯ ಬಿಸಿಲಿನಲ್ಲಿ, ವಿಜಯಪುರದ ಓಣಿಯಲ್ಲಿ ಅನುಮಾನ ಹುಟ್ಟುವುದಿಲ್ಲವೇ? ಆ ಕಡೆಯ ರುಮಾಲು, ಧೋತರ ನಮ್ಮ ಪರದೆಗೆ ಬಂದರೆ ನಗೆಪಾತ್ರದ ಮೈಮೇಲೋ ಗೌಡನ ಆಳಿನ ಮೈಮೇಲೋ ಬರುತ್ತವೆ. ಮೈ ಕಪ್ಪಾಗಿದ್ದು ಬಟ್ಟೆ ಹರಿದಿದ್ದರೆ ಅವನು ಅಪರಾಧಿ ಎಂಬ ಸುಲಭದ ಗುರುತೂ ಇನ್ನೂ ಹೋಗಿಲ್ಲ. ‘ಆಕ್ಸಿಡೆಂಟ್’ ನೋಡಿದ ಮೇಲೂ ನಮ್ಮವರು ಕ್ರೌರ್ಯವನ್ನು ಗುಡಿಸಲಲ್ಲಿ ಹುಡುಕುತ್ತಿರುವುದು ನನಗೆ ನೋವಿನ ಸಂಗತಿ. ಬಡವರ ಚರ್ಮದ ಬಣ್ಣವನ್ನು ಭಯದ ಸಾಮಗ್ರಿಯಾಗಿ ಬಳಸುವ ಚಿತ್ರ ಎಷ್ಟೇ ಚೆನ್ನಾಗಿ ಓಡಿದರೂ ಅದು ಸೋಮಾರಿ ಕೆಲಸ.

ಇನ್ನೊಂದು ಕೊರತೆ ನಮ್ಮ, ಅಂದರೆ ಬರೆಯುವವರ, ಕಡೆಯದು. ಇಷ್ಟೆಲ್ಲ ಮುಖಗಳನ್ನು ಮಾಡಿದ ಕೈಗಳ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ನಾಯಕರ ಚರಿತ್ರೆ ಬಂದಿದೆ, ನಿರ್ದೇಶಕರ ಸಂದರ್ಶನಗಳಿವೆ, ಹಾಡುಗಳ ಬಗ್ಗೆ ಬೇಕಾದಷ್ಟಿದೆ. ಮೇಕಪ್ ಮತ್ತು ವಸ್ತ್ರವಿನ್ಯಾಸದವರ ಹೆಸರುಗಳು ಟೈಟಲ್ ಕಾರ್ಡಿನಲ್ಲಿ ಸರಿದುಹೋದ ಮೇಲೆ ಮತ್ತೆ ಎಲ್ಲೂ ಸಿಗುವುದಿಲ್ಲ. ಡಿಜಿಟಲ್ ಬರುವ ಮುಂಚೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಗಾಯ, ಬೆವರು, ಗಡ್ಡ ಒಂದೇ ಸಮ ಇರಲೆಂದು ತೆಗೆದಿಟ್ಟುಕೊಳ್ಳುತ್ತಿದ್ದ ಕಂಟಿನ್ಯುಟಿ ಫೋಟೋಗಳಿಗಿಂತ ಒಳ್ಳೆಯ ದಾಖಲೆ ಈ ಇತಿಹಾಸಕ್ಕೆ ಬೇರೆ ಇರಲಾರದು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕೆಲಸ ಮಾಡಿದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಕರ್ನಾಟಕ ಚಲನಚಿತ್ರ ಅಕಾಡೆಮಿ ಅವರನ್ನು ಕೂರಿಸಿ ಮಾತಾಡಿಸಬೇಕು, ಮನೆಯ ಪೆಟ್ಟಿಗೆಗಳಲ್ಲಿ ಉಳಿದಿರುವ ಅಂಥ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ಇಡಬೇಕು. ಈ ಕೆಲಸವನ್ನು ‘ತರ್ಕ’ದಿಂದಲೇ ಶುರು ಮಾಡಬಹುದು.