ಎರಡು ನಿಲ್ದಾಣಗಳ ನಡುವಣ ದೂರ

2021ನೆಯ ಇಸವಿಯ ಜನವರಿ 9ರಂದು ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಉತ್ತರಧ್ರುವದ ಮೇಲೆ ಹಾದು, ನಡುವೆ ಎಲ್ಲಿಯೂ ಇಳಿಯದೆ, 11ರ ಬೆಳಗಿನ ಜಾವಕ್ಕೆ ಬೆಂಗಳೂರನ್ನು ಸೇರಿತು. ಅದನ್ನು ನಡೆಸಿದವರೆಲ್ಲರೂ ಸ್ತ್ರೀಯರು. ಆಗಿನ ವಾರ್ತೆಗಳಲ್ಲಿ ಎರಡು ಅಂಕೆಗಳು ಕಾಣಿಸಿಕೊಂಡವು: ಉಭಯ ನಗರಗಳ ನೇರ ದೂರ 13,993 ಕಿಲೋಮೀಟರು, ವಿಮಾನದ ದಾರಿ ಸುಮಾರು 16,000. ಎರಡು ಊರುಗಳ ನಡುವೆ ಎರಡು ದೂರಗಳು ಹೇಗೆ ಇರಬಲ್ಲವು?

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಗೆರೆಯೆಳೆದರೆ ಅದು ಅರಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರಗಳನ್ನು ದಾಟಿ ಪಶ್ಚಿಮಕ್ಕೆ ಹೋಗುತ್ತದೆ. ಪಟವು ಇಲ್ಲಿ ಕಣ್ಣನ್ನು ವಂಚಿಸುತ್ತದೆ. ದುಂಡನೆಯ ಭೂಗೋಲದ ಮೇಲೆ ದಾರವೊಂದನ್ನು ಬಿಗಿಹಿಡಿದರೆ ಅದು ನೇಪಾಳ, ಟಿಬೆಟ್ಟುಗಳನ್ನು ದಾಟಿ, ಸೈಬೀರಿಯದ ಉತ್ತರದ ಕಡಲನ್ನು ಮುಟ್ಟಿ, ಅಲಾಸ್ಕದ ಮೇಲೆ ಇಳಿದುಬರುತ್ತದೆ. ಇದೇ ಮಹಾವೃತ್ತದ ಕಂಸ. ಎರಡು ಸ್ಥಳಗಳ ಅಕ್ಷಾಂಶ ರೇಖಾಂಶಗಳಿಂದ ಈ ಕಂಸವು ಸುಮಾರು 126 ಡಿಗ್ರಿಯೆಂದು ಗಣಿತವು ಹೇಳುತ್ತದೆ. ಆದರೆ ಡಿಗ್ರಿಯನ್ನು ಹರದಾರಿಯಾಗಿಯೋ ಮೈಲಿಯಾಗಿಯೋ ಮಾಡಬೇಕಾದರೆ ಭೂಮಿಯ ಗಾತ್ರವು ತಿಳಿದಿರಬೇಕು. ಆರ್ಯಭಟನು ಭೂವ್ಯಾಸವನ್ನು 1,050 ಯೋಜನವೆಂದನು. ಯೋಜನವೆಂದರೆ ಎಷ್ಟೆಂಬಲ್ಲಿ ಮಾತ್ರ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ.

ನೆಲವನ್ನೇ ಅಳೆಯಬೇಕಾಯಿತು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಯಲಿನಲ್ಲಿ ಸುಮಾರು 7½ ಮೈಲಿಯ ಆಧಾರರೇಖೆಯೊಂದನ್ನು ಉಕ್ಕಿನ ಸರಪಣಿಯಿಂದ ಅಳೆದನು. ಆ ಸರಪಣಿಗೂ ಒಂದು ಕಥೆಯುಂಟು. ಚೀನಾ ಚಕ್ರವರ್ತಿಗೆಂದು ಇಂಗ್ಲೆಂಡಿನಿಂದ ಒಯ್ದ ಕಾಣಿಕೆಗಳಲ್ಲಿ ಅದೂ ಒಂದು. ಅಲ್ಲಿ ಸ್ವೀಕಾರವಾಗದೆ ಕಲ್ಕತ್ತೆಗೆ ಬಂದು, ಕೊನೆಗೆ ಲ್ಯಾಂಬ್ಟನ್ನನ ಕೈ ಸೇರಿತು. ಚಕ್ರವರ್ತಿಗೆ ಬೇಡವಾದದ್ದು ನಮ್ಮ ನೆಲಕ್ಕೆ ಒದಗಿತು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಉಷ್ಣಮಾನವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿತ್ತು. 1802ರಲ್ಲಿ ಮದರಾಸಿನ ಬಳಿ ಆರಂಭವಾದ ಮಹಾ ಮೋಜಣಿಯು ಅವನ ಆಯುಷ್ಯವನ್ನೇ ತೆಗೆದುಕೊಂಡಿತು; 1823ರಲ್ಲಿ ಹಿಂಗನಘಾಟಿನಲ್ಲಿ ಅವನು ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟನು 1830ರಲ್ಲಿ ಭೂಮಧ್ಯರೇಖೆಯ ತ್ರಿಜ್ಯವನ್ನು ಕಂಡುಹಿಡಿದ ಬೆಲೆಗೂ ಇಂದಿನ ಉಪಗ್ರಹಗಳ ಕಾಲದ ಬೆಲೆಗೂ ಅಂತರವು ಒಂದು ಕಿಲೋಮೀಟರಿಗಿಂತ ಕಡಮೆ! ಸರಪಣಿ ಹಿಡಿದು, ಕಾಡಿನ ಜ್ವರಕ್ಕೆ ತುತ್ತಾದ ಆಳುಗಳ ಹೆಸರುಗಳು ಮಾತ್ರ ಈ ಲೆಕ್ಕದಲ್ಲಿ ಕಾಣುವುದಿಲ್ಲ.

ಇಷ್ಟಾದರೂ ಗಣಿತದ ಕಂಸವು ವಿಮಾನದ ದಾರಿಯಲ್ಲ. ವಿನೋದವೆಂದರೆ, ಧ್ರುವಬಿಂದುವನ್ನೇ ಮುಟ್ಟಿ ಬಂದರೂ ನೇರ ಕಂಸಕ್ಕಿಂತ ಹೆಚ್ಚಾಗುವುದು 400 ಕಿಲೋಮೀಟರಿನೊಳಗೆ. ಉಳಿದ ಹೆಚ್ಚಳವೆಲ್ಲ ಬೇರೆ ಕಾರಣಗಳಿಂದ ಬರುವಂಥದು. ಹಿಮಾಲಯ, ಟಿಬೆಟ್ಟುಗಳ ಮೇಲೆ ವಿಮಾನದೊಳಗಿನ ವಾಯುಭಾರವು ಕುಸಿದರೆ ಉಸಿರಾಡಲು ತಕ್ಕ ಎತ್ತರಕ್ಕೆ ಕೂಡಲೆ ಇಳಿಯಲು ಶಿಖರಗಳು ಎಡೆಗೊಡವು; ಮೇಲಣ ಗಾಳಿಯು ಎದುರಾದರೆ ಬಳಸಿ ಹೋಗುವುದೇ ಲಾಭ; ದಾಟುವ ದೇಶಗಳ ಅನುಮತಿಯೂ ಬೇಕು. ಹೊರಡುವ ಮುನ್ನ ಇಂಧನವನ್ನು ತುಂಬುವುದು ಈ ಬಳಸುದಾರಿಯ ಲೆಕ್ಕದಿಂದಲೇ.